ಸುರಂಗ ಒಂದು ವಸ್ತುವೇ? ಒಂದು ಪರ, ಒಂದು ವಿರೋಧ

ಕಳೆದ ವರ್ಷ ನಮ್ಮ ಮನೆಯಲ್ಲಿ ಪಾಲು ಆಯಿತು. ಕಾಸರಗೋಡು ಜಿಲ್ಲೆಯ ಪೈವಳಿಕೆಯಿಂದ ಒಳಗೆ, ಬಾಯಾರಿನ ಕಡೆಗೆ, ಗುಡ್ಡದ ಬುಡದಲ್ಲಿರುವ ಹಳೆಯ ಅಡಿಕೆ ತೋಟ ನಮ್ಮದು. ದೊಡ್ಡಪ್ಪ ಚಾವಡಿಯಲ್ಲಿ ಕೂತು ಪಟ್ಟಿ ಬರೆಯುತ್ತಿದ್ದರು. ಅಡಿಕೆ ಮರ ಇಷ್ಟು, ತೆಂಗು ಇಷ್ಟು, ಹಟ್ಟಿ 1, ಕೆರೆ 1, ಪಂಪು 1. ಆಮೇಲೆ ಬರೆದರು: ಸುರಂಗ 2. ನೀರಿಗಾಗಿ ಗುಡ್ಡಕ್ಕೆ ತೋಡಿದವು.

ಚಿಕ್ಕಪ್ಪನ ಮಗಳು ಪಕ್ಕದಲ್ಲೇ ಕೂತಿದ್ದಳು. ಕಾಲೇಜಿಗೆ ಹೋಗುವ ಹುಡುಗಿ. ಅವಳು ಕೇಳಿದಳು, ‘ದೊಡ್ಡಪ್ಪ, ಸುರಂಗ ಹೇಗೆ ಒಂದು ವಸ್ತು ಆಗ್ತದೆ? ಅಲ್ಲಿ ಏನೂ ಇಲ್ಲ ಅಲ್ವಾ? ಮಣ್ಣು ತೆಗೆದ ಜಾಗ ಮಾತ್ರ.’

ದೊಡ್ಡಪ್ಪನ ಪೆನ್ನು ನಿಂತಿತು. ಆ ಹೊತ್ತಿಗೆ ಯಾರಿಗೂ ಉತ್ತರ ಬರಲಿಲ್ಲ. ಪಟ್ಟಿ ಮುಂದೆ ಹೋಯಿತು, ಆದರೆ ನನ್ನ ತಲೆಯಲ್ಲಿ ಪ್ರಶ್ನೆ ಅಲ್ಲೇ ಕೂತಿತು.

ನಮ್ಮದು ತಾಳಮದ್ದಳೆಯ ಸೀಮೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಒಬ್ಬರೇ ಈ ವಾರ ವಾಲಿಯಾಗಿ ಕೂತು ರಾಮನನ್ನು ಕೇಳುತ್ತಾರೆ, ಮುಂದಿನ ವಾರ ರಾಮನಾಗಿ ಕೂತು ವಾಲಿಗೆ ಉತ್ತರ ಕೊಡುತ್ತಾರೆ. ಎರಡೂ ದಿನ ಮನಸ್ಸಿಟ್ಟೇ ಮಾತಾಡುತ್ತಾರೆ. ನಾನೂ ಇಲ್ಲಿ ಹಾಗೆಯೇ ಎರಡೂ ಕಡೆ ಕೂರುತ್ತೇನೆ. ಒಂದು ಕಾಲದಲ್ಲಿ ನಾನು ನಂಬಿದ್ದು ಮೊದಲನೆಯದನ್ನು. ಎರಡನೆಯದನ್ನು ನನಗೆ ಕಲಿಸಿದ್ದು ಅಜ್ಜನಮನೆಯ ಗುಡ್ಡ.

ಪರ: ಸುರಂಗ ಇದೆ, ಎಣಿಸಲಿಕ್ಕೂ ಬರುತ್ತದೆ

ನೋಡದವರಿಗಾಗಿ ಮೊದಲು ಎರಡು ಮಾತು. ಘಟ್ಟದ ಮೇಲಿನವರಿಗೆ ಸುರಂಗ ಅಂದರೆ ರೈಲು ಹೋಗುವ ದಾರಿ. ನಮಗೆ ಅದು ಅಡ್ಡಕ್ಕೆ ತೋಡಿದ ಬಾವಿ. ಗುಡ್ಡದ ಬದಿಯಿಂದ ಒಳಕ್ಕೆ ಹೋಗುತ್ತದೆ. ಒಬ್ಬ ಮನುಷ್ಯ ನಿಲ್ಲುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಪಿಕ್ಕಾಸಿನಲ್ಲಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಕಡಿಯುತ್ತಾ, ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ತರುತ್ತಾ ಹೋಗಬೇಕು. ಒರತೆ ಸಿಕ್ಕಿದ ಮೇಲೆ ನೆಲದಲ್ಲಿ ಒಂದು ಸಣ್ಣ ಕಣಿ. ನೀರು ತಾನಾಗಿಯೇ ಇಳಿದು ಹೊರಗೆ ಬರುತ್ತದೆ. ಕರೆಂಟು ಬೇಡ, ಹಗ್ಗ ಬೇಡ, ರಾಟೆ ಬೇಡ. ಸುರಂಗದ ಬಾಯಿಂದ ಕೆರೆಗೆ ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆ ಇಡುತ್ತಿದ್ದರು, ಈಗ ಪಿವಿಸಿ ಪೈಪು. ಕೆಲವು ಸುರಂಗಗಳು 10 ಕೋಲಿಗೆ ಮುಗಿಯುತ್ತವೆ. ಕೆಲವು 200, 300 ಮೀಟರ್ ಹೋಗುತ್ತವೆ. ಅಂಥ ಉದ್ದದವಕ್ಕೆ ಗಾಳಿ ಬೇಕು ಎಂದು ಗುಡ್ಡದ ಮೇಲಿನಿಂದ ನೇರ ಗುಂಡಿ ಇಳಿಸುತ್ತಾರೆ. ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಗಡಿಯ ಆಚೆ ಬಂಟ್ವಾಳದ ಕೆಲವು ಗ್ರಾಮಗಳು, ಎಲ್ಲ ಸೇರಿದರೆ ಇಂಥವು ಸಾವಿರಗಟ್ಟಲೆ ಇವೆ.

ಈಗ ವಿಷಯಕ್ಕೆ ಬರುತ್ತೇನೆ. ‘ಸಾವಿರಗಟ್ಟಲೆ ಇವೆ’ ಎಂದು ಈಗಷ್ಟೇ ಹೇಳಿದೆ. ನೀವು ಅದನ್ನು ಓದಿ ಮುಂದೆ ಬಂದಿರಿ. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಇಲ್ಲದ್ದನ್ನು ಯಾರಾದರೂ ಎಣಿಸುತ್ತಾರಾ?

ಎಣಿಕೆ ಸಣ್ಣ ವಿಷಯವಲ್ಲ. ಅಮೆರಿಕದ ಕ್ವೈನ್ ಎಂಬ ತತ್ತ್ವಜ್ಞಾನಿ 1948ರಲ್ಲಿ ಒಂದು ಪ್ರಶ್ನೆ ಕೇಳಿದರು. ಆ ಬಾಗಿಲಲ್ಲಿ ಯಾರೂ ನಿಂತಿಲ್ಲ. ಆದರೆ ಅಲ್ಲಿ ಯಾರಾದರೂ ನಿಂತಿರಬಹುದಿತ್ತು. ಹಾಗೆ ‘ನಿಂತಿರಬಹುದಾದ ಮನುಷ್ಯರು’ ಎಷ್ಟು ಜನ? ಒಬ್ಬನೋ, ಹತ್ತು ಮಂದಿಯೋ? ಒಬ್ಬನಿಂದ ಇನ್ನೊಬ್ಬನನ್ನು ಬೇರೆ ಮಾಡುವುದು ಹೇಗೆ? ಬೇರೆ ಮಾಡಲಿಕ್ಕೆ ಆಗದಿದ್ದರೆ ಅವರನ್ನು ‘ಇದ್ದಾರೆ’ ಎನ್ನುವುದರಲ್ಲಿ ಅರ್ಥವಿಲ್ಲ. ಈ ಪರೀಕ್ಷೆಯನ್ನು ನಮ್ಮ ಗುಡ್ಡಕ್ಕೆ ತನ್ನಿ. ‘ಇಲ್ಲಿ ತೋಡಬಹುದಿತ್ತು’ ಎನ್ನುವ ಸುರಂಗಗಳು ಎಷ್ಟು? ಲೆಕ್ಕ ಸಿಗುವುದಿಲ್ಲ. ತೋಡಿದ ಸುರಂಗ ಎಷ್ಟು? ಎರಡು. ಒಂದು ಮೇಲಿನದ್ದು, ಒಂದು ಕೆಳಗಿನದ್ದು. ಮೇಲಿನದ್ದರಲ್ಲಿ ಬಾವಲಿಗಳಿವೆ, ಕೆಳಗಿನದ್ದರಲ್ಲಿ ಇಲ್ಲ. ಮೇಲಿನದ್ದು ಮೊದಲೇ ಇತ್ತು, ಕೆಳಗಿನದ್ದನ್ನು ಅಜ್ಜ ತೋಡಿಸಿದ್ದು. ಇಷ್ಟು ಸ್ಪಷ್ಟವಾಗಿ ಒಂದರಿಂದ ಒಂದನ್ನು ಬಿಡಿಸಿ ಹೇಳಬಹುದಾದ್ದು ಬರೀ ಇಲ್ಲದಿರುವಿಕೆ ಹೇಗಾದೀತು? ಇರಾನಿನಲ್ಲಿ ನಮ್ಮ ಸುರಂಗದಂಥದ್ದೇ ಖನಾತ್‌ಗಳಿವೆ. 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ 11 ಖನಾತ್‌ಗಳನ್ನು ಸೇರಿಸಿತು. 11 ಅಂದರೆ 11. ಆ ಪಟ್ಟಿ ಮಾಡಿದವರು ಏನನ್ನೂ ಎಣಿಸಲಿಲ್ಲ ಎನ್ನಬಹುದಾ?

ಎಣಿಕೆಗಿಂತ ದೊಡ್ಡದು ಕೆಲಸ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಹೆಸರು ನೀವು ಕೇಳಿರಬಹುದು. ನೀರಿಲ್ಲದ ಬೋಳು ಗುಡ್ಡದಲ್ಲಿ, ಹಗಲು ಕೂಲಿ ಕೆಲಸ ಮುಗಿಸಿ ಬಂದು, ಒಬ್ಬರೇ ಸುರಂಗ ತೋಡಿದವರು. ಒಂದಾದ ಮೇಲೆ ಒಂದು ಸುರಂಗದಲ್ಲಿ ನೀರು ಸಿಗಲಿಲ್ಲ. ಅವರು ಬಿಡಲಿಲ್ಲ. ಕೊನೆಗೆ ನೀರು ಬಂತು, ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟರು. ಈಗ ನೀವೇ ಹೇಳಿ. ಅಷ್ಟು ವರ್ಷ ಪಿಕ್ಕಾಸು ಹಿಡಿದು ಅವರು ಮಾಡಿದ್ದು ಏನು? ಸುರಂಗ ಒಂದು ವಸ್ತುವಲ್ಲ ಎಂದಾದರೆ ಅವರು ಮಾಡಿದ್ದು ಹೊರಗೆ ಬಿದ್ದ ಮಣ್ಣಿನ ರಾಶಿ ಮಾತ್ರ. ಯಾರಿಗೂ ಆ ರಾಶಿ ಬೇಕಿರಲಿಲ್ಲ. ಬಡಗಿ ಮಾಡಿದ್ದು ಮಣೆ, ಕುಂಬಾರ ಮಾಡಿದ್ದು ಮಡಕೆ ಎನ್ನುವ ನಾವು, ಸುರಂಗ ತೋಡಿದವನ ಕೈಕೆಲಸಕ್ಕೆ ಮಾತ್ರ ಹೆಸರಿಲ್ಲ ಎನ್ನುವುದು ಅನ್ಯಾಯ. ನನಗೆ ಇದು ತತ್ತ್ವಶಾಸ್ತ್ರದ ಮಾತಿಗಿಂತ ಮರ್ಯಾದೆಯ ಮಾತು.

ತೋಡುವವರ ಮಾತನ್ನೂ ಕೇಳಬೇಕು. ‘ಸುರಂಗ ಬಲಕ್ಕೆ ತಿರುಗಿದೆ’, ‘ಸುರಂಗ ಉಸಿರು ಬಿಡುವುದಿಲ್ಲ’, ‘ಸುರಂಗಕ್ಕೆ ವಯಸ್ಸಾಯಿತು’ ಎನ್ನುತ್ತಾರೆ. ಒಳಗೆ ಹೋಗುವಾಗ ಮೇಣದಬತ್ತಿ ಹಚ್ಚಿಕೊಳ್ಳುತ್ತಾರೆ. ಬತ್ತಿ ಚೆನ್ನಾಗಿ ಉರಿದರೆ ಗಾಳಿ ಇದೆ. ಮಂಕಾದರೆ ತಕ್ಷಣ ಹೊರಗೆ ಬರಬೇಕು. ಮನುಷ್ಯನ ಪ್ರಾಣ ನಿಂತಿರುವುದು ಸುರಂಗ ಎಷ್ಟು ಉದ್ದ, ಎಷ್ಟು ಅಗಲ ಎನ್ನುವುದರ ಮೇಲೆ. ಉದ್ದ, ಅಗಲ, ತಿರುವು, ವಯಸ್ಸು ಎಲ್ಲ ಇರುವುದಕ್ಕೆ ಇರುವಿಕೆ ಮಾತ್ರ ಇಲ್ಲ ಅಂದರೆ ಹೇಗೆ?

ನಮ್ಮ ಹಳಬರು ಇದನ್ನು ಆಗಲೇ ಯೋಚಿಸಿದ್ದರು. ಹಳೆಯ ದರ್ಶನಗಳಲ್ಲಿ ಒಂದಾದ ವೈಶೇಷಿಕದವರು ಲೋಕದಲ್ಲಿ ಇರುವುದನ್ನೆಲ್ಲ ಮೊದಲು ಆರು ಬಗೆ ಮಾಡಿದರು. ದ್ರವ್ಯ, ಗುಣ, ಕರ್ಮ ಇತ್ಯಾದಿ. ಆಮೇಲೆ ಬಂದವರಿಗೆ ಆರು ಸಾಕಾಗಲಿಲ್ಲ. ಏಳನೆಯದಾಗಿ ‘ಅಭಾವ’ವನ್ನು ಸೇರಿಸಿದರು. ಇಲ್ಲದಿರುವುದು ಕೂಡ ಒಂದು ಪದಾರ್ಥ ಎಂದರು. ಯಾಕೆಂದರೆ ಅದು ನಮಗೆ ಗೊತ್ತಾಗುತ್ತದೆ. ಹಟ್ಟಿಗೆ ಹೋಗಿ ನೋಡುತ್ತೀರಿ, ಕರು ಇಲ್ಲ. ಆ ‘ಇಲ್ಲ’ ನಿಮ್ಮ ಎದೆಗೆ ಹೊಡೆಯುತ್ತದೆ. ಗೋಡೆ, ಗೂಟ, ಹುಲ್ಲು ನೋಡಿ ಲೆಕ್ಕ ಹಾಕಿ ತಿಳಿದದ್ದಲ್ಲ ಅದು. ಅಭಾವದಲ್ಲೂ ಅವರು ನಾಲ್ಕು ಬಗೆ ಹೇಳಿದರು. ಹುಟ್ಟುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ, ಹಾಳಾದ ಮೇಲಿನದ್ದು ಪ್ರಧ್ವಂಸಾಭಾವ, ಯಾವತ್ತೂ ಇಲ್ಲದ್ದು ಅತ್ಯಂತಾಭಾವ, ಇದು ಅದಲ್ಲ ಎನ್ನುವುದು ಅನ್ಯೋನ್ಯಾಭಾವ. ಇಷ್ಟು ಕಾಳಜಿಯಿಂದ ವಿಂಗಡಿಸಿದ್ದು ಸುಮ್ನೆ ಅಲ್ಲ.

ಈಗ ನನ್ನನ್ನು ಈ ಕಡೆಗೆ ಎಳೆದ ನೆನಪು ಹೇಳುತ್ತೇನೆ. ನಮ್ಮ ಹಟ್ಟಿಯ ಹಿಂದೆ ಮೂರನೆಯ ಒಂದು ಸುರಂಗ ಇತ್ತು. ನಾನು ಸಣ್ಣವನಿದ್ದಾಗ ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ ಅದು ಕುಸಿಯಿತು. ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಬಾಯಿ ಇದ್ದಲ್ಲಿ ಕೆಂಪು ಮಣ್ಣಿನ ಇಳಿಜಾರು. ಅಜ್ಜಿ ಅಲ್ಲೇ ಕೂತು ಅತ್ತರು. ಮದುವೆಯಾಗಿ ಬಂದ ದಿನದಿಂದ ಅವರು ಕುಡಿಯುವ ನೀರು ತಂದದ್ದು ಅದರಿಂದಲೇ.

ಆ ರಾತ್ರಿ ಕಳೆದು ಹೋದದ್ದು ಏನು? ಮಣ್ಣು ಒಂದು ಹಿಡಿಯೂ ಕಮ್ಮಿ ಆಗಲಿಲ್ಲ. ಕಲ್ಲು ಎಲ್ಲೂ ಹೋಗಲಿಲ್ಲ. ನೀರು ಗುಡ್ಡದ ಒಳಗೇ ಇತ್ತು. ಮುಟ್ಟಬಹುದಾದ ಒಂದೇ ಒಂದು ವಸ್ತುವೂ ನಮ್ಮ ಜಾಗ ಬಿಟ್ಟು ಹೊರಗೆ ಹೋಗಲಿಲ್ಲ. ಆದರೂ ಸಂಜೆಯವರೆಗೆ ಇದ್ದ ಒಂದು, ಬೆಳಗ್ಗೆ ಇರಲಿಲ್ಲ. ಅಜ್ಜಿ ಅತ್ತದ್ದು ಸುರಂಗಕ್ಕೆ. ಸುರಂಗ ಎನ್ನುವುದೇ ಇಲ್ಲದಿದ್ದರೆ ಆ ಅಳು ಯಾವುದಕ್ಕೆ?

ಇನ್ನೊಂದು ಮಾತು. ಕಾಸರಗೋಡಿನವರಾಗಿ ನಾವು ‘ಮೈ ಇಲ್ಲದ್ದು ವಸ್ತುವಲ್ಲ’ ಎಂದು ಹೇಳುವ ಹಾಗೇ ಇಲ್ಲ. 1956ರ ನವೆಂಬರ್ 1ರಂದು ಒಂದು ಗೆರೆ ಬಂತು. ಅದಕ್ಕೆ ದಪ್ಪ ಇಲ್ಲ, ತೂಕ ಇಲ್ಲ, ಒಂದು ಹಿಡಿ ಎತ್ತಿ ತೋರಿಸಲಿಕ್ಕೂ ಆಗುವುದಿಲ್ಲ. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಆ ದಿನ ಕೇರಳಕ್ಕೆ ಹೋಯಿತು. 1967ರಲ್ಲಿ ಗಡಿ ವಿವಾದಕ್ಕಾಗಿ ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಗೆರೆ ಕದಲಲಿಲ್ಲ. ಮಂಜೇಶ್ವರದ ಕವಿ ಗೋವಿಂದ ಪೈಗಳು ತಮ್ಮ ಮನೆಯಲ್ಲೇ ಇದ್ದು ಬೇರೆ ರಾಜ್ಯದವರಾದರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆಯವರೆಗೂ ಆ ಗೆರೆಯ ನೋವನ್ನು ಹೊತ್ತುಕೊಂಡೇ ಇದ್ದರು. ಮಕ್ಕಳ ಶಾಲೆ, ಕಚೇರಿಯ ಅರ್ಜಿ, ಬಸ್ಸಿನ ಬೋರ್ಡು, ಎಲ್ಲವನ್ನೂ ಆ ದಪ್ಪವಿಲ್ಲದ ಗೆರೆ ಬದಲಿಸಿತು. ಅದು ಇಲ್ಲ ಎಂದು ನಮ್ಮ ಎದುರು ಯಾರು ಹೇಳುತ್ತಾರೆ? ಗೆರೆ ಇದ್ದರೆ ತೂತೂ ಇದೆ.

ಹಾಗಾಗಿ ದೊಡ್ಡಪ್ಪ ಬರೆದದ್ದು ಸರಿ. ಸುರಂಗ 2.

ವಿರೋಧ: ಇರುವುದು ಗುಡ್ಡ

ಮೇಲಿನ ಮಾತುಗಳಲ್ಲಿ ಒಂದನ್ನೂ ನಾನು ಹಗುರ ಮಾಡುವುದಿಲ್ಲ. ಅಜ್ಜಿಯ ಅಳುವನ್ನಂತೂ ಮಾಡಲಾರೆ. ಆದರೂ ಸುರಂಗ ಒಂದು ವಸ್ತುವಲ್ಲ ಎಂದೇ ಈಗ ನನಗೆ ತೋರುತ್ತದೆ.

ಮುಷ್ಟಿ ಹಿಡಿಯಿರಿ. ಈಗ ಬಿಡಿಸಿ. ಮುಷ್ಟಿ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಇದ್ದದ್ದು ಕೈ. ಅದು ಒಂದು ರೀತಿ ಇತ್ತು, ಈಗ ಇನ್ನೊಂದು ರೀತಿ ಇದೆ. ‘ಮುಷ್ಟಿ’ ಎನ್ನುವ ಹೆಸರಿನಿಂದ ನಮಗೆ ಮೋಸ ಆಗುತ್ತದೆ, ಕೈಯಲ್ಲದೆ ಇನ್ನೊಂದು ಇದ್ದ ಹಾಗೆ ಅನಿಸುತ್ತದೆ. ಬಟ್ಟೆಯ ಸುಕ್ಕು, ಹಾಳೆಯ ಮಡಿಕೆ, ಹಲ್ಲಿನ ಸಂದು, ಎಲ್ಲ ಹೀಗೆಯೇ. ಸುರಂಗವೂ ಗುಡ್ಡ ಇರುವ ಒಂದು ರೀತಿ. ‘ಗುಡ್ಡದಲ್ಲಿ ಸುರಂಗ ಇದೆ’ ಎನ್ನುವ ಬದಲು ‘ಗುಡ್ಡ ಒಳಕ್ಕೆ ಕೊರೆದುಕೊಂಡಿದೆ’ ಎನ್ನಿ. ಏನೂ ಬಿಟ್ಟುಹೋಗಲಿಲ್ಲ ಅಲ್ವಾ?

ಅಭಾವದ ವಿಚಾರದಲ್ಲಿ ವೈಶೇಷಿಕರ ಮಾತನ್ನು ಎಲ್ಲರೂ ಒಪ್ಪಿದ್ದಿಲ್ಲ. ವೇದದ ಅರ್ಥವಿಚಾರ ಮಾಡುವ ಮೀಮಾಂಸಕರಲ್ಲಿ ಒಂದು ಪಂಗಡದವರಾದ ಪ್ರಾಭಾಕರರು ಒಂದು ಸರಳ ಉತ್ತರ ಕೊಟ್ಟರು. ನೆಲದ ಮೇಲೆ ಕೊಡ ಇಲ್ಲ ಅಂದರೆ ಅಲ್ಲಿ ‘ಕೊಡದ ಅಭಾವ’ ಎಂಬ ಇನ್ನೊಂದು ಕೂತಿಲ್ಲ. ಬರೀ ನೆಲ ಇದೆ, ಅಷ್ಟೆ. ಹಟ್ಟಿಯಲ್ಲಿ ಕರು ಇಲ್ಲ ಅಂದರೆ ಬರೀ ಹಟ್ಟಿ ಇದೆ. ನೋವು ನಮ್ಮಲ್ಲಿ ಇದೆ, ಯಾಕೆಂದರೆ ನಾವು ಕರುವನ್ನು ನೋಡಲಿಕ್ಕೆ ಹೋಗಿದ್ದೆವು. ಹಟ್ಟಿಯಲ್ಲಿ ಆನೆಯೂ ಇರಲಿಲ್ಲ. ಆ ಅಭಾವ ಯಾಕೆ ಎದೆಗೆ ಹೊಡೆಯಲಿಲ್ಲ? ಹಟ್ಟಿಯಲ್ಲಿ ಇಲ್ಲದ್ದು ಕೋಟಿಗಟ್ಟಲೆ ಇವೆ. ಅವೆಲ್ಲವೂ ಅಲ್ಲಿ ವಸ್ತುಗಳಾಗಿ ಕೂತಿದ್ದರೆ ಕರುವಿಗೆ ಮಲಗಲಿಕ್ಕೆ ಜಾಗ ಸಿಗುತ್ತಿರಲಿಲ್ಲ.

ಅಜ್ಜಿಯ ಸುರಂಗ ಕುಸಿದಾಗ ಏನೂ ಕಮ್ಮಿ ಆಗಲಿಲ್ಲ ಎಂದದ್ದು ನಿಜ. ನಾನು ಅದನ್ನೇ ಹಿಡಿಯುತ್ತೇನೆ. ಅಲ್ಲಿ ಯಾವ ವಸ್ತುವೂ ಹೋಗಲಿಲ್ಲ. ಹೋದದ್ದು ನೀರು ತರುವ ದಾರಿ. ದಾರಿ ಅಂದರೆ ‘ಇಲ್ಲಿ ನಡೆಯಬಹುದು’ ಎನ್ನುವುದು. ಹೊಳೆಗೆ ನೆರೆ ಬಂದಾಗ ದಾಟುವ ಜಾಗ ತಪ್ಪಿಹೋಗುತ್ತದೆ. ಆಗ ನಾವು ಒಂದು ವಸ್ತು ಕಳೆದುಹೋಯಿತು ಎನ್ನುವುದಿಲ್ಲ, ದಾಟಲಿಕ್ಕೆ ಆಗುವುದಿಲ್ಲ ಎನ್ನುತ್ತೇವೆ. ಅಜ್ಜಿಗೆ ಆದದ್ದೂ ಅದೇ. ಅಳಲಿಕ್ಕೆ ಅಷ್ಟು ಸಾಕು.

ಘಟಾಕಾಶದ ಮಾತು ನಮಗೆಲ್ಲ ಅರ್ಥಧಾರಿಗಳ ಬಾಯಿಂದ ಕೇಳಿ ಗೊತ್ತು. ಮಡಕೆಯ ಒಳಗೆ ಒಂದು ಆಕಾಶ ಇದೆ ಅನಿಸುತ್ತದೆ. ಮಡಕೆ ಒಡೆದರೆ ಒಳಗಿನ ಆಕಾಶ ಒಡೆಯುತ್ತದಾ? ಅದನ್ನು ಕುಂಬಾರ ಮಾಡಿದ್ದೂ ಅಲ್ಲ, ಒಡೆದವನು ಹಾಳು ಮಾಡಿದ್ದೂ ಅಲ್ಲ. ಕುಂಬಾರ ಮಾಡಿದ್ದು ಮಡಕೆ. ಅದ್ವೈತಿಗಳು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ, ಜೀವ ಮತ್ತು ಬ್ರಹ್ಮದ ವಿಷಯಕ್ಕೆ. ಆದರೆ ನಮ್ಮ ಪ್ರಶ್ನೆಗೂ ಅದು ಸರಿಯಾಗಿ ಕೂರುತ್ತದೆ. ಸುರಂಗದ ಒಳಗಿನ ಖಾಲಿಯನ್ನು ಯಾರೂ ಮಾಡಲಿಲ್ಲ. ನಾಯ್ಕರು ತಮ್ಮ ಪಿಕ್ಕಾಸಿನಿಂದ ಗುಡ್ಡವನ್ನು ಬದಲಿಸಿದರು. ಪದ್ಮಶ್ರೀ ಸಿಕ್ಕಿದ್ದು ಒಂದು ಬೋಳು ಗುಡ್ಡವನ್ನು ನೀರು ಕೊಡುವ ಗುಡ್ಡ ಮಾಡಿದ್ದಕ್ಕೆ. ಇದರಿಂದ ಅವರ ಕೆಲಸ ಸಣ್ಣದಾಗುವುದಿಲ್ಲ. ನನಗಂತೂ ದೊಡ್ಡದಾಗಿಯೇ ಕಾಣುತ್ತದೆ.

ಈಗ ಎಣಿಕೆ. ಇದು ಪರಪಕ್ಷದ ಗಟ್ಟಿ ಮಾತು, ಸುಲಭಕ್ಕೆ ಬಿಡುವಂಥದ್ದಲ್ಲ. ‘ಎರಡು ಸುರಂಗ’ ಎನ್ನುತ್ತೇವೆ. ಎರಡು ಏನು? 1970ರಲ್ಲಿ ಡೇವಿಡ್ ಲೂಯಿಸ್ ಮತ್ತು ಸ್ಟೆಫನಿ ಲೂಯಿಸ್ ಎಂಬ ದಂಪತಿ ತೂತುಗಳ ಬಗ್ಗೆಯೇ ಇಬ್ಬರ ವಾದದ ರೂಪದಲ್ಲಿ ಒಂದು ಲೇಖನ ಬರೆದರು. ಅದರಲ್ಲಿ ಒಬ್ಬ ಹೇಳುತ್ತಾನೆ, ತೂತು ಅಂದರೆ ಅದರ ಸುತ್ತಲಿನ ಗೋಡೆ. ಗೋಡೆ ಮುಟ್ಟಲಿಕ್ಕೆ ಸಿಗುತ್ತದೆ, ಎಣಿಸಲಿಕ್ಕೂ ಸಿಗುತ್ತದೆ. ಹಾಗಾದರೆ ಎರಡು ಸುರಂಗ ಅಂದರೆ ಮುರಕಲ್ಲಿನ ಎರಡು ಒಳಮೈ. ನನಗೆ ಇದು ಮೊದಲು ತುಂಬ ಹಿಡಿಸಿತು. ಆಮೇಲೆ ತೊಡಕು ಕಂಡಿತು. ಗೋಡೆ ಎಷ್ಟು ದಪ್ಪ? ಒಂದು ಅಂಗುಲದ ಪದರವನ್ನು ಸುರಂಗ ಎನ್ನಬಹುದು, ಎರಡು ಅಂಗುಲದ್ದನ್ನೂ ಎನ್ನಬಹುದು. ಆಗ ಒಂದೇ ಜಾಗದಲ್ಲಿ ನೂರು ಸುರಂಗ ಆಯಿತು. ಲೂಯಿಸ್ ದಂಪತಿ ಈ ತೊಡಕನ್ನು ಮುಚ್ಚಿಡಲಿಲ್ಲ, ಅದನ್ನು ಇಟ್ಟುಕೊಂಡೇ ವಾದ ಬೆಳೆಸಿದರು. ನಾನು ಆ ದಾರಿಯಲ್ಲಿ ಹೋಗುವುದಿಲ್ಲ.

ನಾನು ಹೋಗುವ ದಾರಿ ಮುರಕಲ್ಲಿನದ್ದು. ಒಂದು ಮುರಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಮೈಯೆಲ್ಲ ತೂತು. ಕೆಲವು ಸಾಸಿವೆಯಷ್ಟು, ಕೆಲವು ಬೆರಳು ಹೋಗುವಷ್ಟು. ಕೆಲವು ಒಳಗೊಳಗೇ ಒಂದಕ್ಕೊಂದು ಸೇರಿಕೊಂಡಿವೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು ನಮ್ಮಿಂದ ತೆಂಕಲಾಗಿರುವ ಅಂಗಾಡಿಪುರಂನಲ್ಲಿ ಇದನ್ನು ನೋಡಿ. ಇಟ್ಟಿಗೆಯ ಹಾಗೆ ಕಡಿಯಬಹುದಾದ ಕಲ್ಲು, ಗಾಳಿಗೆ ಬಿಟ್ಟರೆ ಗಟ್ಟಿಯಾಗುವ ಕಲ್ಲು. ನಮ್ಮ ಮನೆಯ ಒಂದು ಗೋಡೆಯಲ್ಲಿ ಎಷ್ಟು ತೂತು? ಎಣಿಸಲಿಕ್ಕೆ ಕೂತರೆ ಎರಡೇ ಕಲ್ಲಿಗೆ ಸೋಲುತ್ತೇವೆ. ಕಣ್ಣು ಸೋಲುವುದು ಬೇರೆ ವಿಷಯ. ಇಲ್ಲಿ ಸೋಲುವುದು ಪ್ರಶ್ನೆಯೇ. ಒಳಗೆ ಕೂಡಿಕೊಂಡ ಎರಡು ತೂತು ಒಂದೋ ಎರಡೋ? ಬಾಯಿ ಅಗಲವಾದ ತಗ್ಗು ತೂತೋ ಅಲ್ಲವೋ? ಸುರಂಗ ವಸ್ತುವಾದರೆ ಇವೆಲ್ಲವೂ ವಸ್ತುವೇ ಆಗಬೇಕು. ಹೆಗ್ಗಣದ ಮಾಟೆಯೂ ಆಗಬೇಕು, ಗೆದ್ದಲಿನ ದಾರಿಯೂ ಆಗಬೇಕು. ದೊಡ್ಡಪ್ಪನ ಪಟ್ಟಿಯಲ್ಲಿ ಅವು ಯಾವುವೂ ಇರಲಿಲ್ಲ. ಯಾಕೆಂದರೆ ಅವು ನಮಗೆ ಬೇಡ. ಬೇಕಾದದ್ದನ್ನು ಮಾತ್ರ ನಾವು ಎಣಿಸುತ್ತೇವೆ. ಆಗ ಎಣಿಕೆಯಿಂದ ಗೊತ್ತಾಗುವುದು ನಮ್ಮ ಅಗತ್ಯ. ಲೋಕದಲ್ಲಿ ಏನಿದೆ ಎನ್ನುವುದು ಅಲ್ಲ.

ಗುಡ್ಡಕ್ಕೂ ಅಂಚು ಇಲ್ಲವಲ್ಲ, ಗುಡ್ಡ ಎಲ್ಲಿ ಮುಗಿಯಿತು, ತೋಟ ಎಲ್ಲಿ ಸುರುವಾಯಿತು ಎಂದು ಪರಪಕ್ಷದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಚು ಮಸುಕಾಗಿದೆ, ಒಪ್ಪುತ್ತೇನೆ. ಆದರೆ ಗುಡ್ಡದ ನಡುವೆ ನಿಂತು ಕಾಲಿನಿಂದ ಒದ್ದರೆ ನೋವಾಗುತ್ತದೆ. ಸುರಂಗದ ನಡುವೆ ನಿಂತು ಒದ್ದರೆ ಕಾಲು ಗಾಳಿಯಲ್ಲಿ ಹೋಗುತ್ತದೆ.

ಗಡಿಯ ಮಾತಿಗೂ ಉತ್ತರ ಕೊಡಬೇಕು, ಅದು ನನಗೂ ನೋಯುವ ಜಾಗ. 2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ನಮ್ಮ ಕಡೆಯ ಗಡಿಯ ಒಳರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರು ಈಚೆ ಸಿಕ್ಕಿಬಿದ್ದರು. ಆ ದಿನಗಳಲ್ಲಿ ನಾನು ಒಂದು ಮಣ್ಣಿನ ರಾಶಿಯ ಎದುರು ನಿಂತದ್ದು ನೆನಪಿದೆ. 1956ರಿಂದ ಅಲ್ಲೇ ಇದ್ದ ಗೆರೆ ಅಷ್ಟು ವರ್ಷ ಯಾರನ್ನೂ ಕಾಲು ಹಿಡಿದು ನಿಲ್ಲಿಸಿರಲಿಲ್ಲ. ಆ ದಿನ ನಿಲ್ಲಿಸಿದ್ದು ಮಣ್ಣು. ಶಾಲೆಯ ಪಾಠ ಬದಲಿಸಿದ್ದೂ ಗೆರೆಯಲ್ಲ, ಕಾಗದ, ಸಹಿ, ಮನುಷ್ಯರ ತೀರ್ಮಾನ. ಗಡಿಯಲ್ಲಿರುವ ತಲಪಾಡಿಯ ಆಚೆಗೂ ಈಚೆಗೂ ಅದೇ ಮುರಕಲ್ಲು. ಗೆರೆಯನ್ನು ಒಂದು ವಸ್ತು ಎಂದುಕೊಂಡರೆ ನಾವು ಅದಕ್ಕೇ ಬೈಯುತ್ತಾ ಕೂರುತ್ತೇವೆ. ತೀರ್ಮಾನ ಮಾಡಿದ ಕೈಗಳು ಕಾಣುವುದಿಲ್ಲ.

ಇನ್ನು ಅಜ್ಜನಮನೆಯ ಕತೆ. ನಾನು ಪಕ್ಷ ಬದಲಿಸಿದ್ದು ಅಲ್ಲಿ.

ಅಮ್ಮನ ತವರು ನಮ್ಮಿಂದ ಕೆಲವೇ ಮೈಲಿ. ಅಲ್ಲಿ ಒಂದೇ ಸುರಂಗ, ಆದರೆ ಒಳ್ಳೆಯ ಸುರಂಗ. ಏಪ್ರಿಲ್ ಕೊನೆಗೂ ಹೆಬ್ಬೆರಳು ದಪ್ಪ ನೀರು ಬೀಳುತ್ತಿತ್ತು. ಸುರಂಗದ ಮೇಲಿನ ಗುಡ್ಡ ಬೇರೆಯವರದ್ದು. ಅವರು ಅದನ್ನು ಕಲ್ಲಿನ ಕೋರೆಗೆ ಕೊಟ್ಟರು. ಯಂತ್ರ ಬಂತು. ನೆತ್ತಿಯಿಂದ ಕಡಿಯುತ್ತಾ ಬಂದರು, ದಿನಕ್ಕೆ ಲಾರಿ ಲಾರಿ ಕಲ್ಲು ಹೋಯಿತು. ಮಾವ ಕೇಳಲಿಕ್ಕೆ ಹೋದಾಗ ಬಂದ ಉತ್ತರ: ‘ನಿಮ್ಮ ಸುರಂಗವನ್ನು ನಾವು ಮುಟ್ಟುವುದಿಲ್ಲ.’

ಅವರು ಮುಟ್ಟಲೂ ಇಲ್ಲ. ಅದು ಸುಳ್ಳಲ್ಲ. ಎರಡನೆಯ ವರ್ಷದ ಜನವರಿಯಲ್ಲಿ ನೀರು ನೂಲಿನಷ್ಟಾಯಿತು, ಫೆಬ್ರವರಿಯಲ್ಲಿ ನಿಂತಿತು. ನಾನೂ ಮಾವನೂ ಮೇಣದಬತ್ತಿ ಹಿಡಿದು ಒಳಗೆ ಹೋದೆವು. ಎಲ್ಲ ಇದ್ದ ಹಾಗೇ ಇತ್ತು. ಅದೇ ಉದ್ದ, ಅದೇ ಅಗಲ, ಅದೇ ತಿರುವು. ಅಜ್ಜನ ಕಾಲದ ಪಿಕ್ಕಾಸಿನ ಗುರುತು ಗೋಡೆಯಲ್ಲಿ ಹಾಗೆಯೇ. ಒಂದು ಕಲ್ಲೂ ಬಿದ್ದಿರಲಿಲ್ಲ. ಬತ್ತಿಯೂ ಚೆನ್ನಾಗಿ ಉರಿಯುತ್ತಿತ್ತು. ಕೊನೆಯ ಗೋಡೆಗೆ ಮಾವ ಅಂಗೈ ಇಟ್ಟರು. ಕೈ ಒಣಗಿಯೇ ಇತ್ತು.

ಪರಪಕ್ಷ ಹೇಳುವ ವಸ್ತು ಅಲ್ಲಿ ಪೂರ್ತಿಯಾಗಿ ಇತ್ತು. ಒಂದು ಅಂಗುಲ ಹಾಳಾಗಿರಲಿಲ್ಲ. ಆದರೆ ನಮ್ಮ ಸರ್ವಸ್ವ ಹೋಗಿತ್ತು.

ನೀರು ಕೊಡುತ್ತಿದ್ದದ್ದು ಯಾವತ್ತೂ ಸುರಂಗ ಅಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಜಾಸ್ತಿ ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಹೆಚ್ಚಿನದ್ದು ಹರಿದು ಸಮುದ್ರಕ್ಕೆ ಹೋಗುತ್ತದೆ. ಸ್ವಲ್ಪ ಪಾಲನ್ನು ಗುಡ್ಡ ಹಿಡಿಯುತ್ತದೆ. ನೆತ್ತಿಯ ಮುಳಿಹುಲ್ಲು ಮಳೆಯ ಹೊಡೆತ ತಡೆಯುತ್ತದೆ, ಮದಕದಲ್ಲಿ, ಅಂದರೆ ಗುಡ್ಡದ ಮೇಲಿನ ಹೊಂಡದಲ್ಲಿ, ನೀರು ನಿಂತು ನಿಧಾನಕ್ಕೆ ಇಂಗುತ್ತದೆ. ಮುರಕಲ್ಲಿನ ಆ ಲೆಕ್ಕವಿಲ್ಲದ ತೂತುಗಳಲ್ಲಿ ನೀರು ಇಳಿಯುತ್ತಾ ಹೋಗಿ ಕೆಳಗಿನ ಬಿಳಿ ಜೇಡಿಯ ಪದರದಲ್ಲಿ ತಡೆಯುತ್ತದೆ. ಅಲ್ಲಿಂದ ಬದಿಗೆ ಜಿನುಗುತ್ತದೆ. ಸುರಂಗ ಅಂದರೆ ಆ ಜಿನುಗಿಗೆ ನಾವು ಗುಡ್ಡವನ್ನು ತೆರೆದ ಜಾಗ. ನೆತ್ತಿ ಕಡಿದರೆ ಬಟ್ಟಲೇ ಹೋಯಿತು. ಸುತ್ತ ಆರೂವರೆ ಇಂಚಿನ ಬೋರ್‌ವೆಲ್ ನಾಲ್ಕು ಇಳಿಸಿದರೆ ತಳವೇ ಹೋಯಿತು. ಎರಡರಲ್ಲೂ ಸುರಂಗಕ್ಕೆ ಯಾರೂ ಕೈ ಹಾಕಿರುವುದಿಲ್ಲ.

ಸುರಂಗವನ್ನು ಒಂದು ಪ್ರತ್ಯೇಕ ವಸ್ತು ಎಂದು ಎಣಿಸಿದ್ದರಿಂದಲೇ ಕೋರೆಯವರಿಗೆ ಆ ಉತ್ತರ ಕೊಡಲಿಕ್ಕೆ ಆಯಿತು. ಮಾವನಿಗೂ ಅದನ್ನು ನಂಬಲಿಕ್ಕೆ ಆಯಿತು. ನಿಮ್ಮದು ನಿಮಗೆ, ನಮ್ಮದು ನಮಗೆ. ಕಾಗದದಲ್ಲಿ ಎಲ್ಲ ಸರಿ ಇತ್ತು. ಇರುವುದು ಒಂದೇ ಗುಡ್ಡ ಎನ್ನುವುದು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ನಮ್ಮ ಪಾಲಿನ ಕರಡು ತಿದ್ದುವ ದಿನ ನಾನು ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಇಷ್ಟು ಉದ್ದಕ್ಕೆ ಹೇಳಲಿಲ್ಲ, ಅಜ್ಜನಮನೆಯ ಒಣಗಿದ ಗೋಡೆಯ ವಿಷಯ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನೆ ಕೂತರು. ಗುಡ್ಡ ಚಿಕ್ಕಪ್ಪನ ಪಾಲಿಗೆ, ತೋಟವೂ ಸುರಂಗಗಳೂ ನಮ್ಮ ಪಾಲಿಗೆ ಎಂದು ಮೊದಲು ಮಾತಾಗಿತ್ತು. ಕೊನೆಯ ಪ್ರತಿಯಲ್ಲಿ ‘ಸುರಂಗ 2’ ಎಂಬ ಸಾಲು ಇಲ್ಲ. ಅದರ ಜಾಗದಲ್ಲಿ ಅವರು ತಮ್ಮ ಕೈಬರಹದಲ್ಲೇ ಬರೆದರು: ‘ಗುಡ್ಡದ ನೆತ್ತಿಯಿಂದ ತೋಟದ ಮೇಲಿನ ಕಟ್ಟಪುಣಿವರೆಗೆ ಪಾಲಿಲ್ಲ. ಇಬ್ಬರೂ ಕಲ್ಲು ಕಡಿಯಲಿಕ್ಕಿಲ್ಲ, ಬೋರು ಇಳಿಸಲಿಕ್ಕಿಲ್ಲ. ನೀರು ಎರಡು ಮನೆಗೂ.’

ಚಿಕ್ಕಪ್ಪನ ಮಗಳು ಅದನ್ನು ಎರಡು ಸಲ ಓದಿದಳು. ‘ಹಾಗಾದರೆ ಸುರಂಗ ಯಾರದ್ದು?’ ಎಂದು ಕೇಳಿದಳು. ದೊಡ್ಡಪ್ಪ ಪೆನ್ನಿನ ಮುಚ್ಚಳ ಹಾಕಿ ಗುಡ್ಡದ ಕಡೆಗೆ ಕೈ ತೋರಿಸಿದರು.